ತೊಳೆದಿಟ್ಟ ಸ್ಲೈಡುಗಳು

ನನ್ನ ಬಿ.ಎಸ್ಸಿ. ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ನಮ್ಮ ಸಸ್ಯಶಾಸ್ತ್ರದ ಮೇಡಂ ಗದಗಿನಿಂದ ಬಸ್ಸು ಹತ್ತಿ ಲಕ್ಷ್ಮೇಶ್ವರದ ನಮ್ಮ ಮನೆಗೆ ಬಂದರು. ಗದಗ ಜಿಲ್ಲೆಯಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಬಾಡಿಗೆ ಕಟ್ಟಡಗಳ ಮೇಲೆ ಹೊಸ ಕಚೇರಿಗಳ ಬೋರ್ಡುಗಳು ಏಳುತ್ತಿದ್ದವು. ಇನ್ನು ಸಣ್ಣ ಪುಟ್ಟದ್ದಕ್ಕೆಲ್ಲ ಧಾರವಾಡಕ್ಕೆ ಓಡುವುದು ತಪ್ಪಿತು ಎಂದು ಜನ ಹೇಳಿಕೊಳ್ಳುತ್ತಿದ್ದ ಕಾಲ ಅದು. ಕಾಲೇಜಿನ ಮೇಡಂ ತಾವಾಗಿಯೇ ಒಬ್ಬ ಹುಡುಗಿಯ ಮನೆ ಹುಡುಕಿಕೊಂಡು ಬಂದದ್ದು ನಮ್ಮ ಓಣಿಗೆ ಸುದ್ದಿಯಾಯಿತು. ಅಮ್ಮಿ ಚಹಕ್ಕಿಟ್ಟು ಒಳ್ಳೆಯ ಕಪ್ಪುಗಳನ್ನು ಹುಡುಕತೊಡಗಿದಳು. ಅಬ್ಬಾ ತಮ್ಮ ಎಣ್ಣೆ ಗಿರಣಿಯಿಂದ ಹಾಗೇ ಎದ್ದು ಬಂದಿದ್ದರು. ಅಂಗಿಯ ತೋಳಿಗೆ ಶೇಂಗಾ ಹಿಂಡಿಯ ಪುಡಿ ಅಂಟಿತ್ತು.

ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯ ತಾತ್ಕಾಲಿಕ ಜಾಗವೊಂದು ಖಾಲಿ ಇತ್ತು. ಅದಕ್ಕೆ ನನ್ನನ್ನು ಕಳಿಸಬೇಕು ಎಂದು ಮೇಡಂ ಕೇಳಿದರು. ಜೊತೆಗೆ ಅವರ ಪಿಎಚ್.ಡಿ. ಕೆಲಸಕ್ಕೆ ನಾನು ನೆರವಾಗಬೇಕು. ಅದು ಮುಗಿದ ಮೇಲೆ ನನ್ನನ್ನು ಎಂ.ಎಸ್ಸಿ.ಗೆ ಸೇರಿಸುವುದು ತಮ್ಮ ಹೊಣೆ ಎಂದರು. ಅಬ್ಬಾ ಕೂಡಲೇ ಹೂಂ ಅನ್ನಲಿಲ್ಲ. ನನಗೆ ಗಂಡು ನೋಡುವ ಮಾತು ಆಗಲೇ ಮನೆಯಲ್ಲಿ ಎದ್ದಿತ್ತು. ಆದರೆ ಎದುರಿಗೆ ಕುಳಿತವರ ಕೆಲಸ ಎಂಥದ್ದು ಎಂದು ವಿಚಾರಿಸದೆ ಬಿಡುವ ಸ್ವಭಾವವೂ ಅವರದಲ್ಲ. ಸಂಶೋಧನೆ ಯಾತರ ಮೇಲೆ ಎಂದು ಕೇಳಿದರು. ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಬೇರಿನ ಮೇಲೆ ಎಂದರು ಮೇಡಂ.

ಮೇಡಂ ಅದನ್ನು ಬಿಡಿಸಿ ಹೇಳಿದ ರೀತಿಯಲ್ಲೇ ನಾನು ಇವತ್ತಿಗೂ ಮಕ್ಕಳಿಗೆ ಹೇಳಿಕೊಡುತ್ತೇನೆ. ಗಿಡ ಬೆಳೆಯುವುದೆಂದರೆ ಅದರ ಒಂದೊಂದು ಜೀವಕೋಶ ಎರಡೆರಡಾಗುವುದು. ಮೊದಲು ಕೋಶದೊಳಗಿನ ಕೇಂದ್ರ ಒಡೆದು ಎರಡಾಗಿ ಆಚೆ ಈಚೆ ಸರಿಯುತ್ತದೆ. ಆಮೇಲೆ ಅವೆರಡರ ನಡುವೆ ಗೋಡೆ ಏಳಬೇಕು. ಆ ಗೋಡೆ ಬದಿಯಿಂದ ಶುರುವಾಗುವುದಿಲ್ಲ. ಕೊಬ್ಬಿನ ತೆಳು ಪೊರೆಯುಳ್ಳ ಸಣ್ಣ ಸಣ್ಣ ಗುಳ್ಳೆಗಳು ನಟ್ಟನಡುವೆ ಬಂದು ಒಂದಕ್ಕೊಂದು ಕೂಡಿಕೊಂಡು, ಹಾಳೆಯಂತೆ ಹರಡುತ್ತ ಹೋಗಿ ಸುತ್ತಲಿನ ಗೋಡೆಯನ್ನು ಮುಟ್ಟುತ್ತವೆ. ಆ ಪೊರೆಯ ಕೊಬ್ಬಿಗೆ ಲಿಪಿಡ್ ಎನ್ನುತ್ತಾರೆ. ಅದರಲ್ಲಿ ಹೆಚ್ಚುಕಡಿಮೆಯಾದರೆ ಗುಳ್ಳೆಗಳು ಕೂಡುವುದಿಲ್ಲ, ಗೋಡೆ ಅರ್ಧಕ್ಕೇ ನಿಲ್ಲುತ್ತದೆ. ಒಂದೇ ಕೋಶದಲ್ಲಿ ಎರಡು ಕೇಂದ್ರಗಳು ಉಳಿದುಬಿಡುತ್ತವೆ.

ಅಬ್ಬಾ ಮನಸ್ಸಿಟ್ಟು ಕೇಳಿದರು. "ಅಂದ್ರ ಉಳ್ಳಾಗಡ್ಡಿ ಒಳಗೂ ಎಣ್ಣಿ ಐತೇನ್ರಿ ಅಕ್ಕಾರ?"

"ಐತ್ರಿ ಸಾಹೇಬ್ರ. ಶೇಂಗಾದಾಗ ಇದ್ದಷ್ಟು ಇಲ್ಲ. ಆದ್ರ ಅದಿಲ್ದ ಒಂದು ಕೋಶನೂ ಇಲ್ಲ."

ಅಬ್ಬಾ ನಕ್ಕರು. ಆಮೇಲೆ ಮೇಡಂ ಕಪ್ಪು ಕೆಳಗಿಟ್ಟು, "ನಿಮ್ಮ ಮಗಳು ನನ್ನ ಮಗಳಿದ್ದಂಗ. ಅಕಿ ಜವಾಬ್ದಾರಿ ನಂದು" ಎಂದರು. ಅಬ್ಬಾ ಒಪ್ಪಿದ್ದು ಆ ಮಾತಿಗೆ. ಬೆಟಗೇರಿಯಲ್ಲಿ ಅವರ ತಂಗಿ, ನನ್ನ ಫುಪ್ಪಿ, ಇದ್ದಳು. ಅವಳ ಮನೆಯಲ್ಲಿ ಇರಬೇಕು, ಸಂಜೆ ದೀಪ ಹಚ್ಚುವುದರೊಳಗೆ ಮನೆ ಸೇರಬೇಕು ಎಂದಷ್ಟೇ ಹೇಳಿ ಕಳಿಸಿದರು.

ಆಗ ಮೇಡಂಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಗದಗಿನ ಒಂದು ಬಾಡಿಗೆ ಮನೆಯಲ್ಲಿದ್ದರು. ಪಿಎಚ್.ಡಿ.ಗೆ ಹೆಸರು ಹಚ್ಚಿ ಎಷ್ಟೋ ವರ್ಷಗಳಾಗಿದ್ದವು. ಅವರ ಕೈಕೆಳಗೆ ಕಲಿತವರೇ ಡಾಕ್ಟರು ಅನ್ನಿಸಿಕೊಂಡು ಬಂದು, ಅದೇ ಸ್ಟಾಫ್ ರೂಮಿನಲ್ಲಿ ಅವರಿಗಿಂತ ಮೇಲಿನ ಕುರ್ಚಿಯಲ್ಲಿ ಕೂಡುತ್ತಿದ್ದರು. ಇದನ್ನು ಅವರು ನನ್ನೆದುರು ಒಮ್ಮೆಯೂ ಆಡಲಿಲ್ಲ. ಆದರೆ ಅವಧಿ ಇನ್ನೊಮ್ಮೆ ವಿಸ್ತರಿಸುವುದಿಲ್ಲ ಎಂದು ಧಾರವಾಡದ ವಿಶ್ವವಿದ್ಯಾಲಯದಿಂದ ಸೂಚನೆ ಬಂದದ್ದು ಕಾಲೇಜಿಗೆಲ್ಲ ಗೊತ್ತಿತ್ತು.

ಅವರು ಕೈಗೆತ್ತಿಕೊಂಡ ಪ್ರಶ್ನೆ ನಮ್ಮ ಭಾಗದ್ದೇ. ಸೊರಟೂರ, ಮುಂಡರಗಿ ಕಡೆಯ ಹೊಲಗಳಲ್ಲಿ ಉಳ್ಳಾಗಡ್ಡಿಗೆ ಎಲೆಚುಕ್ಕೆ ರೋಗ ಬಿದ್ದಾಗ ರೈತರು ಔಷಧಿ ಹೊಡೆಯುತ್ತಾರೆ. ರೋಗ ತರುವ ಬೂಷ್ಟಿನ ಪೊರೆಗೆ ಒಂದು ಬಗೆಯ ಕೊಬ್ಬು ಬೇಕು. ಅದು ತಯಾರಾಗದಂತೆ ಕೆಲವು ಔಷಧಿಗಳು ತಡೆಯುತ್ತವೆ, ಬೂಷ್ಟು ಸಾಯುತ್ತದೆ. ಆದರೆ ಉಳ್ಳಾಗಡ್ಡಿಯ ಪೊರೆಯಲ್ಲೂ ಅದೇ ಜಾತಿಯ ಕೊಬ್ಬು ಇದೆಯಲ್ಲ, ಅದಕ್ಕೇನಾಗುತ್ತದೆ? ಮಣ್ಣಿಗಿಳಿದ ಔಷಧಿ ಬೇರಿನ ತುದಿಯಲ್ಲಿ ಒಡೆಯುತ್ತಿರುವ ಕೋಶಗಳಿಗೆ ಏನು ಮಾಡುತ್ತದೆ? ಮೇಡಂಗೆ ಬೇಕಾಗಿದ್ದದ್ದು ಈ ಪ್ರಶ್ನೆಗೆ ಉತ್ತರ.

ನಾನು ಅಷ್ಟು ಸುಖವಾಗಿ ಬೇರೆಲ್ಲೂ ಕೆಲಸ ಮಾಡಿಲ್ಲ. ಗಾಜಿನ ಗ್ಲಾಸುಗಳ ಬಾಯಿಗೆ ಒಂದೊಂದು ಗಡ್ಡೆ ಕೂರಿಸಿ ನೀರು ತಾಗುವಂತೆ ಇಡುತ್ತಿದ್ದೆವು. ಬಿಳಿ ಬೇರುಗಳು ಇಳಿದ ಮೇಲೆ ಕೆಲವು ಗ್ಲಾಸುಗಳಿಗೆ ಔಷಧಿ ಸೇರಿಸಿ, ಕೆಲವನ್ನು ಬರೀ ನೀರಿನಲ್ಲೇ ಬಿಡುವುದು. ಕೋಶಗಳು ಹೆಚ್ಚು ಒಡೆಯುವುದು ಬೆಳಗಿನ ಹೊತ್ತು. ಹಾಗಾಗಿ ನಾನು ಫುಪ್ಪಿಯ ಮನೆಯಿಂದ ತಂಪು ಹೊತ್ತಿನಲ್ಲೇ ಹೊರಡುತ್ತಿದ್ದೆ. ಓಣಿಯಲ್ಲಿ ಆಗಲೇ ಮಗ್ಗಗಳ ಸದ್ದು ಶುರುವಾಗಿರುತ್ತಿತ್ತು. ಬೇರಿನ ತುದಿ ಕತ್ತರಿಸಿ, ಆಮ್ಲದಲ್ಲಿ ಬೆಚ್ಚಗೆ ಮಾಡಿ, ಬಣ್ಣ ಹಾಕಿ, ಮೇಲೆ ತೆಳು ಗಾಜು ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಜೋರಾದರೆ ಗಾಜು ಒಡೆಯುತ್ತದೆ, ಮೆತ್ತಗಾದರೆ ಕೋಶಗಳು ಬಿಡಿಬಿಡಿಯಾಗುವುದಿಲ್ಲ. ಮೇಡಂ ನನ್ನ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ಎಷ್ಟು ಒತ್ತಬೇಕೆಂದು ಕಲಿಸಿದರು. ಸ್ಲೈಡಿನ ಅಂಚಿಗೆ ಉಗುರುಬಣ್ಣ ಹಚ್ಚಿ ಮುಚ್ಚುತ್ತಿದ್ದೆವು. ಆ ಉಗುರುಬಣ್ಣ ಕೊಂಡು ತರುವಾಗ ಅಂಗಡಿಯವನು ಮೇಡಂ ಕಡೆ ಒಂದು ನಮೂನೆ ನೋಡುತ್ತಿದ್ದ. ಅದನ್ನು ನೆನೆದು ಇಬ್ಬರೂ ನಗುತ್ತಿದ್ದೆವು. ಮಧ್ಯಾಹ್ನ ಅವರ ಡಬ್ಬಿಯ ರೊಟ್ಟಿ ನನಗೆ, ಫುಪ್ಪಿ ಕಟ್ಟಿಕೊಟ್ಟ ಪಲ್ಯ ಅವರಿಗೆ.

ಔಷಧಿಯ ಗ್ಲಾಸಿನಿಂದ ತೆಗೆದ ಬೇರಿನಲ್ಲಿ ಎರಡು ಕೇಂದ್ರಗಳ ಕೋಶವನ್ನು ಮೊದಲು ನೋಡಿದವಳು ನಾನು. ಉದ್ದನೆಯ ಕೋಶ. ಒಳಗೆ ಎರಡು ದುಂಡನೆಯ ಕೆಂಪು ಚುಕ್ಕೆಗಳು. ನಡುವೆ ಏನೂ ಇಲ್ಲ. ಬದಿಯ ಕೋಶದಲ್ಲಿ ಗೋಡೆ ಅರ್ಧ ದಾರಿ ಬಂದು ನಿಂತಿತ್ತು. ಮೇಡಂ ಬಹಳ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದಾಗ ಕಣ್ಣುಗಳು ಒದ್ದೆಯಾಗಿದ್ದವು. ಅವತ್ತು ಸಂಜೆ ನನ್ನನ್ನು ಕರೆದುಕೊಂಡು ಹೋಗಿ ಗಿರಮಿಟ್, ಮಿರ್ಚಿ ತಿನ್ನಿಸಿದರು.

ಎಣಿಕೆ ಚೆನ್ನಾಗಿ ಬರುತ್ತಿತ್ತು. ಪ್ರಬಂಧ ಅರ್ಧಕ್ಕಿಂತ ಹೆಚ್ಚು ಬರೆದಾಗಿತ್ತು. ಆಗ ನನ್ನ ತಲೆಯಲ್ಲಿ ಒಂದು ಅನುಮಾನ ಹೊಕ್ಕಿತು. ಆ ಔಷಧಿಯ ಪುಡಿ ನೇರ ನೀರಿನಲ್ಲಿ ಕರಗುತ್ತಿರಲಿಲ್ಲ. ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಿ ಆಮೇಲೆ ನೀರಿಗೆ ಹಾಕುತ್ತಿದ್ದೆವು. ಅಂದರೆ ಒಂದು ಕಡೆ ಔಷಧಿ ಮತ್ತು ಸ್ಪಿರಿಟ್ಟು, ಇನ್ನೊಂದು ಕಡೆ ಬರೀ ನೀರು. ಕೊಬ್ಬಿನ ಪೊರೆಯನ್ನು ಸ್ಪಿರಿಟ್ಟೂ ಸಡಿಲ ಮಾಡುತ್ತದೆ. ಮೇಡಂ ತಾಯಿಗೆ ಹುಷಾರಿಲ್ಲವೆಂದು ರಜೆಯಲ್ಲಿದ್ದ ದಿನಗಳಲ್ಲಿ ನಾನು ಕೆಲವು ಗ್ಲಾಸುಗಳಿಗೆ ಔಷಧಿ ಇಲ್ಲದೆ, ಅಷ್ಟೇ ಅಳತೆಯ ಸ್ಪಿರಿಟ್ಟು ಮಾತ್ರ ಹಾಕಿ ನೋಡಿದೆ. ಅವುಗಳ ಬೇರಿನಲ್ಲೂ ಎರಡು ಕೇಂದ್ರದ ಕೋಶಗಳು ಕಂಡವು. ಒಂದೆರಡಲ್ಲ, ಸಾಕಷ್ಟು.

ಮೇಡಂ ಬಂದ ಕೂಡಲೇ ತೋರಿಸಿದೆ. ನನಗೆ ಹೆದರಿಕೆಯೇನೂ ಇರಲಿಲ್ಲ. ಒಳ್ಳೆಯ ಹೊತ್ತಿಗೆ ಕಂಡುಹಿಡಿದೆ ಎಂದು ಬೆನ್ನು ತಟ್ಟುತ್ತಾರೆ ಎಂದೇ ಅಂದುಕೊಂಡಿದ್ದೆ. ಅವರು ಒಂದೊಂದೇ ಸ್ಲೈಡು ನೋಡಿದರು. ಎಣಿಕೆಯ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.

"ಯಾರಿಗರೆ ಹೇಳಿಯೇನು?" ಎಂದರು.

ಇಲ್ಲ ಎಂದೆ.

"ಹೇಳಬ್ಯಾಡ. ಸ್ಪಿರಿಟ್ ಕಡಿಮಿ ಮಾಡಿ ಎಲ್ಲಾ ಮತ್ತ ಮಾಡೋಣು. ಸದ್ಯಕ್ಕ ಸ್ಲೈಡ್ ಸಾಲವಲ್ಲವು, ಇವನ್ನ ತೊಳದು ಇಡು."

ಸ್ಲೈಡುಗಳು ನಮ್ಮ ಕಾಲೇಜಿನಲ್ಲಿ ಯಾವಾಗಲೂ ಕಡಿಮೆಯೇ. ತೊಳೆದು ತೊಳೆದು ಬಳಸುವುದು ರೂಢಿಯಾಗಿತ್ತು. ನಾನು ಆ ಮಧ್ಯಾಹ್ನವೇ ಅವನ್ನೆಲ್ಲ ಸೋಪಿನ ನೀರಿನಲ್ಲಿ ನೆನೆಹಾಕಿ, ಉಜ್ಜಿ, ಬಟ್ಟೆಯಿಂದ ಒರೆಸಿ ಡಬ್ಬದಲ್ಲಿ ಜೋಡಿಸಿ ಇಟ್ಟೆ.

ಮತ್ತೆ ಮಾಡುವ ದಿನ ಬರಲಿಲ್ಲ. ಕೇಳಿದಾಗ ಪರೀಕ್ಷೆ ಮುಗಿಯಲಿ ಎಂದರು, ಆಮೇಲೆ ತಾಯಿಯ ಆರೋಗ್ಯ ಎಂದರು. ಪ್ರಬಂಧ ಟೈಪಾಗುತ್ತಿದೆ ಎನ್ನುವುದು ನನಗೆ ಗೊತ್ತಾದದ್ದು ಧಾರವಾಡಕ್ಕೆ ಹೊರಡುವ ವಾರದಲ್ಲಿ. ಅದನ್ನು ಸಲ್ಲಿಸುವ ಮುಂಚೆ ವಿಭಾಗದ ಎಲ್ಲರೆದುರು ನಿಂತು ಕೆಲಸವನ್ನು ವಿವರಿಸಬೇಕಿತ್ತು. ನೀನೂ ಬಾ, ಮುಂದೆ ನೀನು ಓದುವ ಜಾಗ ನೋಡಿದ ಹಾಗಾಗುತ್ತದೆ ಎಂದರು. ನಾನು ಸ್ಪಿರಿಟ್ಟಿನ ಮಾತೆತ್ತಿದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ನಂಬಿದೆ.

ಧಾರವಾಡದ ಆ ಕೋಣೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತೆ. ಮೇಡಂ ಬಹಳ ಚೆನ್ನಾಗಿ ಮಾತಾಡಿದರು. ಪರದೆಯ ಮೇಲೆ ನಾನು ಒತ್ತಿದ ಸ್ಲೈಡುಗಳ ಚಿತ್ರಗಳು ಒಂದಾದ ಮೇಲೊಂದು ಬಂದವು. ನನಗೆ ಹೆಮ್ಮೆಯೇ ಆಗುತ್ತಿತ್ತು. ಕೊನೆಗೆ ಮುಂದಿನ ಸಾಲಿನಿಂದ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, ಔಷಧಿಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದೀರಲ್ಲ, ಬರೀ ಸ್ಪಿರಿಟ್ಟು ಹಾಕಿ ನೋಡಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನೋಡಿದ್ದೇವೆ ಎಂದರು ಮೇಡಂ. ಆ ಭಾಗವನ್ನು ತಮ್ಮ ಸಹಾಯಕಿಗೆ ವಹಿಸಿದ್ದಾಗಿಯೂ, ಅದರಲ್ಲಿ ಏನೂ ಕಾಣಲಿಲ್ಲವೆಂದು ಅವಳು ತಿಳಿಸಿದ್ದಾಗಿಯೂ ಹೇಳಿದರು. ಆಮೇಲೆ ನನ್ನ ಕಡೆ ಕೈ ಮಾಡಿ, ಆಕೆ ಅಲ್ಲೇ ಇದ್ದಾಳೆ ಎಂದರು.

ಎಲ್ಲರೂ ತಿರುಗಿ ನೋಡಿದರು. ಆ ಹಿರಿಯರು ಕನ್ನಡಕ್ಕೆ ಬಂದು, "ನೀ ನೋಡಿದ್ದೇನವಾ?" ಎಂದು ಕೇಳಿದರು.

ನಾನು ಎದ್ದು ನಿಂತೆ. ಮೇಡಂ ನನ್ನನ್ನೇ ನೋಡುತ್ತಿದ್ದರು. ಹೌದು ಅನ್ನು ಎಂದು ಆ ಕಣ್ಣು ಕೇಳುತ್ತಿತ್ತೋ, ನನಗೆ ಹಾಗನ್ನಿಸಿತೋ ಗೊತ್ತಿಲ್ಲ. ನನಗೆ ಸುಳ್ಳು ಹೇಳಲು ಬರಲಿಲ್ಲ, ಅಷ್ಟೆ. ಅದರಲ್ಲೂ ಎರಡು ಕೇಂದ್ರದ ಕೋಶಗಳು ಇದ್ದವು, ಮೇಡಂಗೆ ತೋರಿಸಿದ್ದೆ ಎಂದೆ.

"ಸ್ಲೈಡ್ ಅದಾವೇನು?"

"ಇಲ್ರಿ ಸರ್. ತೊಳದೆ."

"ಯಾಕ?"

"ಮೇಡಂ ತೊಳಿ ಅಂದಿದ್ರು."

ಯಾರೋ ಸಣ್ಣಗೆ ನಕ್ಕರು. ಮೇಡಂ ದನಿ ಏರಿಸಲಿಲ್ಲ. ತರಗತಿಯಲ್ಲಿ ಪಾಠ ಹೇಳುವಷ್ಟೇ ಶಾಂತವಾಗಿ, "ನಾ ಹಂಗ ಹೇಳಿಲ್ಲ ಸರ್. ಹುಡುಗಿ ಹೊಸಬಳು. ಏನೋ ತಪ್ಪು ಮಾಡ್ಯಾಳ, ಅಂಜಿ ತೊಳದಿರಬೇಕು" ಎಂದರು.

ಬೆಂಚು ಹಿಡಿದು ಕುಳಿತೆ. ಆ ಭಾಗವನ್ನು ಸರಿಯಾಗಿ ಮತ್ತೆ ಮಾಡಿಕೊಂಡು ಬನ್ನಿ, ಅದಕ್ಕೆ ಇದೊಂದು ಸಲ ಸಮಯ ಕೊಡಿಸುತ್ತೇವೆ ಎಂದು ಆ ಹಿರಿಯರು ಮೇಡಂಗೆ ಹೇಳಿದ್ದು ಎಲ್ಲೋ ದೂರದಿಂದ ಕೇಳಿಸಿತು. ಅಂದರೆ ಮೇಡಂಗೆ ದೊಡ್ಡ ನಷ್ಟವೇನೂ ಆಗಲಿಲ್ಲ.

ಗದಗಿಗೆ ಮರಳುವ ರೈಲಿನಲ್ಲಿ ಇಬ್ಬರೂ ಎದುರುಬದುರು ಕುಳಿತಿದ್ದೆವು. ಹುಬ್ಬಳ್ಳಿ ದಾಟಿದ ಮೇಲೆ ಮೇಡಂ ಡಬ್ಬಿ ತೆರೆದು, ಯಾವತ್ತಿನ ಹಾಗೆ ರೊಟ್ಟಿ ಮುರಿದು ನನ್ನ ಮುಂದೆ ಹಿಡಿದರು. ಬೆಳಗಿನಿಂದ ಏನೂ ತಿಂದಿಲ್ಲ, ಊಟ ಮಾಡು ಎಂದರು. ನಾನು ಮುಟ್ಟಲಿಲ್ಲ. ಅವರು ಕಿಟಕಿಯ ಕಡೆ ಮುಖ ಮಾಡಿ ಒಬ್ಬರೇ ಉಂಡರು. ಬೈದಿದ್ದರೆ ಜಗಳವಾಡಬಹುದಿತ್ತು. ಆ ರೊಟ್ಟಿಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಮರುದಿನ ಕಾಲೇಜಿಗೆ ಹೋದರೆ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಹುಡುಗಿ ಸ್ಲೈಡು ಹಾಳು ಮಾಡಿ ಮೇಡಂ ಹೆಸರು ಕೆಡಿಸಿದಳು ಎಂದು ಎಲ್ಲರ ಬಾಯಲ್ಲಿತ್ತು. ಮುಂದಿನ ತಿಂಗಳಿಂದ ಬರುವುದು ಬೇಡ ಎಂದು ಕಚೇರಿಯಿಂದ ತಿಳಿಸಿದರು. ಸರಿ, ಮನೆಗೆ ಹೋದರೆ ಅಬ್ಬಾ ಇದ್ದಾರೆ, ಎಲ್ಲ ಹೇಳಿದರೆ ಅವರೇ ಬಂದು ಕೇಳುತ್ತಾರೆ ಎಂದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಶಿರಹಟ್ಟಿಯಲ್ಲಿ ಬಸ್ಸು ಕೆಟ್ಟು ಬಹಳ ಹೊತ್ತು ನಿಂತಿತು. ಆ ಹೊತ್ತಿನಲ್ಲೆಲ್ಲ ಅಬ್ಬಾಗೆ ಏನೇನು ಹೇಳಬೇಕು, ಯಾವುದರ ನಂತರ ಯಾವುದು ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ.

ಅಬ್ಬಾ ಬಾಗಿಲಲ್ಲೇ ನಿಂತಿದ್ದರು. ಮೇಡಂ ಗಿರಣಿಯ ಪಕ್ಕದ ಅಂಗಡಿಗೆ ಫೋನ್ ಮಾಡಿ ಅವರನ್ನು ಕರೆಸಿ ಮಾತಾಡಿದ್ದರು. ನಿಮ್ಮ ಮಗಳಿಗೆ ಕೆಲಸದ ಮೇಲೆ ಮನಸ್ಸಿಲ್ಲ, ತಪ್ಪು ಮಾಡಿ ಮುಚ್ಚಿಟ್ಟಳು, ದೊಡ್ಡವರೆದುರು ನನ್ನ ಮೇಲೆ ಹಾಕಿದಳು, ಆದರೂ ನನಗೆ ಸಿಟ್ಟಿಲ್ಲ, ಒಳ್ಳೆಯ ಮನೆತನ ನೋಡಿ ಮದುವೆ ಮಾಡಿಬಿಡಿ ಎಂದು ಹೇಳಿದ್ದರಂತೆ. ನಾನು ಜೋಡಿಸಿಕೊಂಡು ಬಂದದ್ದೆಲ್ಲವನ್ನೂ ಅಲ್ಲೇ ನಿಂತು ಹೇಳಿದೆ. ಅಬ್ಬಾ ಕೇಳಿದರು, ಆದರೆ ನನ್ನ ಮುಖ ನೋಡಲಿಲ್ಲ. ನಮ್ಮ ಮನೆಯಲ್ಲಿ ಆಡುವುದು ಉರ್ದು. ಅವರು ಅಂದದ್ದನ್ನು ನಮ್ಮೂರ ಕನ್ನಡದಲ್ಲಿ ಬರೆಯುತ್ತೇನೆ.

"ಮನಿತನಕ ಬಂದು ಚಹಾ ಕುಡದು ಹೋದ ಹೆಣ್ಣಮಗಳು. ಅಕಿ ಯಾಕ ಸುಳ್ಳ ಹೇಳ್ತಾಳ?"

ಮೇಡಂ ಮಾಡಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ನನ್ನನ್ನು ಕರೆದೊಯ್ಯಲು ಬಂದ ದಿನ ಮೇಡಂ ಅಬ್ಬಾ ಮನಸ್ಸಿನಲ್ಲಿ ಗಳಿಸಿದ ನಂಬಿಕೆಯೇ ಈಗ ನನ್ನ ವಿರುದ್ಧ ಕೆಲಸಕ್ಕೆ ಬಂದಿತ್ತು. ಅಮ್ಮಿ ಒಳಗಿನಿಂದ ಕರೆದಳು. ನಾನು ಮಾಳಿಗೆ ಹತ್ತಿ ಸಂಜೆಯವರೆಗೂ ಇಳಿಯಲಿಲ್ಲ.

ಮದುವೆ ಆಯಿತು. ಗಂಡ ಮುಂಡರಗಿಯವರು, ಬಟ್ಟೆ ವ್ಯಾಪಾರ. ನನ್ನ ಪುಣ್ಯಕ್ಕೆ ಓದಿಗೆ ಅಡ್ಡ ಬಂದವರಲ್ಲ. ಬಿ.ಇಡಿ. ಮುಗಿಸಿ ಅಲ್ಲಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಎಂ.ಎಸ್ಸಿ. ಆಗಲಿಲ್ಲ. ಆ ಹೊತ್ತಿಗೆ ಮೇಡಂಗೆ ಡಾಕ್ಟರೇಟ್ ಬಂದಿತ್ತೆಂದು ಕೇಳಿದೆ.

ಶಾಲೆಗೆ ಒಂದು ಒಳ್ಳೆಯ ಮೈಕ್ರೋಸ್ಕೋಪು ಬಂದ ವರ್ಷ, ಹತ್ತಿರದ ಡೋಣಿ ಊರಿನ ರೈತರೊಬ್ಬರ ಹೊಲದಿಂದ ಉಳ್ಳಾಗಡ್ಡಿ ತರಿಸಿ ನಾನೇ ಆ ಕೆಲಸವನ್ನು ಮತ್ತೆ ಮಾಡಿದೆ. ಯಾರಿಗೂ ತೋರಿಸಲು ಅಲ್ಲ. ಸ್ಪಿರಿಟ್ಟನ್ನು ಬಹಳ ಕಡಿಮೆ ಮಾಡಿ, ಒಂದು ಸಾಲಿಗೆ ಬರೀ ಸ್ಪಿರಿಟ್ಟು, ಒಂದಕ್ಕೆ ಔಷಧಿಯೂ ಸೇರಿದ ಸ್ಪಿರಿಟ್ಟು, ಒಂದಕ್ಕೆ ನೀರು. ಬರೀ ಸ್ಪಿರಿಟ್ಟಿನ ಬೇರುಗಳಲ್ಲಿ ಎಲ್ಲ ಗೋಡೆಗಳೂ ಸರಿಯಾಗಿ ಎದ್ದಿದ್ದವು. ಔಷಧಿಯ ಬೇರುಗಳಲ್ಲಿ ಮಾತ್ರ ಅಲ್ಲಲ್ಲಿ ಅರ್ಧಕ್ಕೆ ನಿಂತ ಗೋಡೆ, ಎರಡು ಕೇಂದ್ರ. ಕಡಿಮೆ, ಆದರೆ ಸ್ಪಷ್ಟ.

ಅಂದರೆ ಮೇಡಂ ಊಹಿಸಿದ್ದು ನಿಜವೇ ಆಗಿತ್ತು. ಇನ್ನೊಂದೆರಡು ತಿಂಗಳು ಇಬ್ಬರೂ ಕೂಡಿ ದುಡಿದಿದ್ದರೆ ಅವರು ತಲೆಯೆತ್ತಿಕೊಂಡೇ ಅದನ್ನು ಹೇಳಬಹುದಿತ್ತು. ನನ್ನನ್ನು ಬಲಿ ಕೊಡುವ ಅಗತ್ಯವೇ ಇರಲಿಲ್ಲ. ಅವರ ಊಹೆ ಸುಳ್ಳಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಅವತ್ತು ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತೆ.

ಹೊಸ ಜಿಲ್ಲೆ ಅನ್ನುವುದನ್ನು ಜನ ಮರೆತ ಎಷ್ಟೋ ವರ್ಷಗಳ ಮೇಲೆ, ಗದಗಿನ ಬಳಿ ನಾಗಾವಿಯ ಗುಡ್ಡದ ಹತ್ತಿರದ ವಿಶ್ವವಿದ್ಯಾಲಯದ ಆವರಣದಲ್ಲಿ ವಿಜ್ಞಾನ ಶಿಕ್ಷಕರ ಶಿಬಿರ ನಡೆಯಿತು. ಅತಿಥಿಯಾಗಿ ಬಂದವರಲ್ಲಿ ಮೇಡಂ ಇದ್ದರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಹದ ಹೊತ್ತಿನಲ್ಲಿ ತಾವಾಗಿಯೇ ನನ್ನ ಹತ್ತಿರ ಬಂದು, ಹೇಗಿದ್ದೀಯಾ, ಅಪ್ಪ ಹೇಗಿದ್ದಾರೆ ಎಂದು ಕೇಳಿದರು. ಏನೂ ಆಗಿಲ್ಲವೆಂಬಂತೆ ಕೈ ಹಿಡಿದುಕೊಂಡರು. ನಾನು ಕೈ ಬಿಡಿಸಿಕೊಂಡು, ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. ಯಾವುದನ್ನು ಎಂದು ಅವರು ಕೇಳಲಿಲ್ಲ.

"ನನಗ ಅದೊಂದ ಉಳಿದಿತ್ತವಾ. ನಿನಗ ವಯಸ್ಸಿತ್ತು, ಬೆನ್ನಿಗೆ ಅಪ್ಪ ಇದ್ದ. ನೀ ತಡಕೋತಿ ಅನಿಸ್ತು."

"ಆ ಅಪ್ಪನಿಗೂ ಫೋನ್ ಮಾಡಿದ್ರಲ್ರಿ ಮೇಡಂ."

ಅವರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. ಅದನ್ನು ಮಾಡಬಾರದಿತ್ತು ಎಂದು ಮೆಲ್ಲಗೆ ಅಂದರು. ಅಷ್ಟರಲ್ಲಿ ಸಂಘಟಕರು ಫೋಟೋಕ್ಕೆ ಕರೆದರು. ಮೇಡಂ ಹೋಗಿ ನಡುವಿನ ಕುರ್ಚಿಯಲ್ಲಿ ಕುಳಿತರು. ನನಗೂ ಬಾ ಎಂದು ಸನ್ನೆ ಮಾಡಿದರು. ನಾನು ಹೋಗಲಿಲ್ಲ. ಅವರು ತಪ್ಪೊಪ್ಪಿಕೊಂಡರೆ ಎದೆಯ ಭಾರ ಇಳಿಯುತ್ತದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಇಳಿಯಲಿಲ್ಲ. ನೀ ತಡಕೋತಿ ಅನ್ನುವ ಮಾತು ಅದರ ಮೇಲೆ ಇನ್ನೊಂದು ಹೇರಾಯಿತು. ಅಂದರೆ ಅವರು ಗಾಬರಿಯಲ್ಲಿ ಬಾಯಿಗೆ ಬಂದದ್ದು ಆಡಿರಲಿಲ್ಲ; ತೂಗಿ ನೋಡಿಯೇ ಆಡಿದ್ದರು.

ಮುಂದಿನ ರಜೆಯಲ್ಲಿ ಲಕ್ಷ್ಮೇಶ್ವರಕ್ಕೆ ಹೋದಾಗ ಅಬ್ಬಾಗೆ ಇದನ್ನು ಹೇಳಿದೆ. ಗಿರಣಿ ನಿಂತು ಬಹಳ ದಿನವಾಗಿತ್ತು. ಅವರು ಬಿಸಿಲು ಕಾಯಿಸುತ್ತ ಕಟ್ಟೆಯ ಮೇಲೆ ಕುಳಿತಿದ್ದರು. ಮೇಡಂ ಸಿಕ್ಕದ್ದು, ನಾನು ಕೇಳಿದ್ದು, ಅವರು ಅಂದದ್ದು ಎಲ್ಲ ಹೇಳಿ ಮುಗಿಸಿದೆ. ಅಬ್ಬಾ ಗಡ್ಡದ ಮೇಲೆ ಕೈಯಾಡಿಸಿಕೊಂಡರು.

"ಆವತ್ತ ಯಾಕ ಹೇಳಲಿಲ್ಲ ಬೇಟಿ?"

"ಹೇಳಿದ್ದೆ ಅಬ್ಬಾ. ಇದ ಬಾಗಲದಾಗ ನಿಂತು ಹೇಳಿದ್ದೆ."

ಅವರು ನನ್ನ ಕಡೆ ತಿರುಗಿ, ನಿಜವಾಗಿ ನೆನಪಿಲ್ಲವೋ, ನೆನಪಿದ್ದೂ ಕೇಳಿದರೋ ತಿಳಿಯದ ಹಾಗೆ ನೋಡಿದರು. ಆ ಅಕ್ಕಾರು ಸುಳ್ಳು ಹೇಳಬಹುದೆಂದು ತಮಗೆ ಹೊಳೆಯಲೇ ಇಲ್ಲ ಎಂದರು. ಹಾಗಾದರೆ ನಾನು ಸುಳ್ಳು ಹೇಳಬಹುದೆಂದು ಮಾತ್ರ ಹೇಗೆ ಹೊಳೆಯಿತು ಎಂಬ ಪ್ರಶ್ನೆ ನನ್ನ ನಾಲಿಗೆಯವರೆಗೂ ಬಂತು. ನಾನು ಕೇಳಲಿಲ್ಲ. ಅಮ್ಮಿ ಊಟಕ್ಕೆ ಕರೆದಳು. ಅವರಿಗೆ ಎದ್ದು ನಿಲ್ಲಲು ಆಸರೆ ಬೇಕಿತ್ತು, ಕೊಟ್ಟೆ. ಇಬ್ಬರೂ ಒಳಗೆ ಹೋದೆವು.